ಚೌಕ ಕಂಸ

ಶಹಾಬಾದಿನ ಫರಸಿ ಅಂಗಳ. ಲಾರಿ ಇನ್ನಾ ಬಂದಿಲ್ಲ.
ಕಲ್ಲಿನ ಥಪ್ಪಿ. ಕಡೀಕ ಇಟ್ಟದ್ದು ಮೊದಲ ಎತ್ತಬೇಕು,
ನಡುವಿಂದ ಎಳದವರ ಬೆರಳು ಎಣಸಿ ನೋಡ್ರಿ
ಅಂತಾನ ರುಕ್ಮೋದ್ದೀನ ಮಾಮು.
ಅವನವು ಒಂಬತ್ತು.

ನಾ ಇಲ್ಲಿ ಲೆಕ್ಕ ಬರಿಯಾಕಿ.
ರಾತ್ರಿ, ಯಾರೂ ಹೆಸರು ಕೇಳದ ಒಂದು ಸಣ್ಣ ಭಾಷೆ
ಹಳೇ ಲ್ಯಾಪ್‌ಟಾಪಿನ್ಯಾಗ ಕಲೀಲತ್ತೀನಿ.
ಅದಕ್ಕೂ ಇದೇ ಥಪ್ಪಿ:
ಮೂರು ಇಡು, ನಾಕು ಇಡು, ಕೂಡಿಸು ಅನ್ನು,
ಎರಡೂ ಹೋಗಿ ಏಳು ಕುಂತಿರತದ.

ಇವತ್ತು ಕೂಡಿಸೂದನ್ನೇ
ಚೌಕ ಕಂಸದಾಗ ಹಾಕಿ ಇಟ್ಟೆ.
ಏನೂ ಆಗಲಿಲ್ಲ.
ಕೆಲಸ ತಾನೇ ಒಂದು ಕಲ್ಲಾಗಿ ಮ್ಯಾಲ ಕುಂತಿತು.
ಅದನ್ನ ಎತ್ತಬಹುದು, ಕೆಳಗಿನದರ ಜೋಡಿ ಅದಲುಬದಲು ಮಾಡಬಹುದು,
ಅಂಥದ್ದೇ ಇನ್ನೊಂದು ತೆಗೀಬಹುದು,
ಬ್ಯಾಡಾದ್ರ ಚೆಲ್ಲಬಹುದು.
ಹೆಸರು ಮಾತ್ರ ಇಲ್ಲ.

ಈ ಗುರುತಿಗೆ ಕಂಸ ಅಂತ ಯಾರು ಕರದರೋ!
ಆ ಕಡೆ ಒಂದು ಗ್ವಾಡಿ, ಈ ಕಡೆ ಒಂದು,
ನಡುವ ತೊಟ್ಟಿಲ ಕಾಣದ ಕೂಸು.
ಬುಟ್ಟ್ಯಾಗ ಹೊತ್ತು ಹೊಳಿ ದಾಟಿದವನಿಗೂ
ಗೊತ್ತಿರಲಿಲ್ಲ, ಬಿಚ್ಚಿದ ಮ್ಯಾಲ
ಅದು ಏನು ಮಾಡತದಂತ.

ಹಾರ್ನು.
ಥಪ್ಪಿ ಮ್ಯಾಲ ಮೊಣಕಾಲು ಕಟ್ಟಿ ಕುಂತವರು
ನನ್ನ ವಹಿಯಾಗ ಬರೇ ‘ಹಮಾಲಿ, ೬’.
ಮಾಮು ಯಾರನ್ನೂ ಕರೀಲಿಲ್ಲ. ‘ಹೂಂ’ ಅಂದ, ಅಷ್ಟೇ.
ಕೈ ಬಿಚ್ಚಿದವು, ಕಲ್ಲು ಎದ್ದವು.

ಎಲ್ಲಾರಕಿಂತ ತಡಾ ಹತ್ತಿದ್ದ ಹುಡುಗ
ಎಲ್ಲಾರಕಿಂತ ಮೊದಲ ಇಳದ.
ಹೊಂಟವ ಕಿಡಕ್ಯಾಗ ಹಣಿಕಿ ಹಾಕಿ, ಪರದೆ ನೋಡಿ ಕೇಳಿದ:
‘ಅಕ್ಕಾ, ಬರೇ ಎರಡು ಗ್ವಾಡಿ ಬರದೀರಿ.
ಒಳಗ ಯಾರದಾರ?’