ದುಡಿಯದ ದಣಿವು

ರಾತ್ರಿ ಹನ್ನೊಂದಾದರೂ ಬೆಳಕು ಆರದ
ಜೂನ್ ತಿಂಗಳ ಸ್ಟ್ರಾನ್ಸೆ ದ್ವೀಪ.
ನಾನು ಮಾತ್ರ ಮಧ್ಯಾಹ್ನ ಎರಡಕ್ಕೇ ಮುಳುಗಿದ್ದೇನೆ
ಒಂದು ಕಾಲಿಗೆ ಕಾಲುಚೀಲ ಹಾಕಿ
ಇನ್ನೊಂದನ್ನು ಕೈಯಲ್ಲಿ ಹಿಡಿದು.

ಇಪ್ಪತ್ತೆರಡು ವರ್ಷ ಹಗ್ಗ ಹಿಡಿದವಳು.
ಹಡಗು ಕಟ್ಟೆಗೆ ಒರಗುವಾಗ
ಎಸೆದದ್ದನ್ನು ಗಾಳಿಯಲ್ಲೇ ಹಿಡಿದು
ಕಬ್ಬಿಣದ ಗೂಟಕ್ಕೆ ಬಿಗಿದು ಕಟ್ಟುವ ಕೆಲಸ.
ದಣಿವೆಂದರೇನು ಗೊತ್ತಿತ್ತು ನನಗೆ.
ಅದಕ್ಕೆ ಡೀಸೆಲ್ಲಿನ ವಾಸನೆ, ತುಟಿಯ ಮೇಲೆ ಉಪ್ಪು.
ಸಂಜೆ ಮೈ ಅದನ್ನು ಕೂಲಿಯಂತೆ ಎಣಿಸಿ ಕೊಡುತ್ತಿತ್ತು,
ತಗೊಂಡು ಮಲಗುತ್ತಿದ್ದೆ; ಬೆಳಗಾದರೆ ಖರ್ಚಾಗಿರುತ್ತಿತ್ತು.

ಇದು ಹಾಗಲ್ಲ.
ದುಡಿಯದೆ ಬಂದ ದಣಿವು ಇದು.
ಯಾರದೋ ಮನೆಗೆ ಹೋಗಬೇಕಾದ ಸಾಮಾನು
ನನ್ನ ಹೆಸರು ಬರೆಸಿಕೊಂಡು ಬಂದು
ಹೊಸ್ತಿಲಲ್ಲಿ ಕೂತ ಹಾಗೆ.
ವಾಪಸು ಮಾಡೋಣವೆಂದರೆ
ಕಳಿಸಿದವರ ವಿಳಾಸವಿಲ್ಲ.

ಮೆಕ್ಸಿಕೋದಲ್ಲಿ ಮೊದಲು
ನನ್ನ ರಕ್ತದಿಂದಲೇ ಸ್ಟೆಮ್ ಸೆಲ್ ಹೆಕ್ಕಿ ತೆಗೆದಿಟ್ಟರು:
ಪುಟ್ಟ ಚೀಲ, ಟೊಮೆಟೊ ಸಾರಿನ ಬಣ್ಣ.
ಆಮೇಲೆ ಮೈಯೊಳಗಿನ ಹಳೆಯ ಪಹರೆಯವರನ್ನೆಲ್ಲ,
ಮನೆಯ ನರಗಳನ್ನೇ ಕಳ್ಳರೆಂದು ಹೊಡೆಯುತ್ತಿದ್ದವರನ್ನು,
ಔಷಧಿ ಸುರಿದು ಕೊಂದರು.
ಕೂದಲು ದಿಂಬಿಗೆ ಹೋಯಿತು. ಹುಬ್ಬೂ.
ಚೀಲ ವಾಪಸು ಒಳಗಿಳಿದ ದಿನ ನರ್ಸ್ ಇತ್ಸೆಲ್
ಇದು ನಿನ್ನ ಹೊಸ ಹುಟ್ಟುಹಬ್ಬ ಎಂದು
ಕಪ್‌ಕೇಕಿನ ಮೇಲೆ ಮೇಣದಬತ್ತಿ ನೆಟ್ಟಳು.
ಹಚ್ಚಲಿಲ್ಲ. ಕೋಣೆಯಲ್ಲಿ ಆಮ್ಲಜನಕವಿತ್ತು.
ಇದು ಪ್ರಯೋಗ ಅನ್ನುವ ಮಾತಿಗೆ
ಹದಿನಾಲ್ಕು ಕಡೆ ಸಹಿ ಹಾಕಿದ್ದೆ.

ದುಡ್ಡು ದ್ವೀಪದ್ದು.
ಇಸ್‌ಬಿಸ್ಟರ್ ಮನೆಯವರು ಒಂದು ಕರು ಹರಾಜು ಹಾಕಿದರು.
ಹೆಂಗಸರು ಇಡೀ ಚಳಿಗಾಲ ಕೈಗವಸು ಹೆಣೆದರು.
ಶಾಲೆಯ ಮೇಷ್ಟ್ರು ಗಡ್ಡ ಬೋಳಿಸಿಕೊಂಡರು, ನೋಡಲು ಟಿಕೆಟ್ಟು.
ಹೀಗಾಗಿ ಅಂಗಡಿಯಲ್ಲಿ ನಾನು ದಣಿಯುವಂತಿಲ್ಲ.
"ಥೋರಾ, ಕಳೆ ಬಂದಿದೆ ಮುಖಕ್ಕೆ!"
ಹೌದು ಹೌದು ಅನ್ನುತ್ತೇನೆ, ಐಸ್‌ಕ್ರೀಮಿನ ಪೆಟ್ಟಿಗೆಗೆ ಒರಗಿ,
ಯಾವ ಬೆಣ್ಣೆ ಕೊಳ್ಳಲಿ ಎಂದು ಯೋಚಿಸುವವಳಂತೆ,
ಮೊಣಕಾಲು ವಾಪಸು ಬರುವ ತನಕ.
ಯಾರ ಕೈಗವಸಿಗೆ ಹೇಳಲಿ,
ಯಾವ ಕರುವಿಗೆ?

ಅಬರ್ಡೀನಿನ ಡಾಕ್ಟರು ಮಿದುಳಿನ ಚಿತ್ರ ತೋರಿಸಿದರು.
ಹೊಸ ಮಚ್ಚೆ ಒಂದೂ ಇಲ್ಲ. ಹಳೆಯವು ಅಲ್ಲೇ ಇವೆ,
ಬೆಂಕಿ ಆರಿದರೂ ಗೋಡೆಯ ಮಸಿ ಹೋಗದ ಹಾಗೆ.
ಒಂದರಿಂದ ಏಳರವರೆಗೆ ನಿಮ್ಮ ದಣಿವು ಎಷ್ಟು?
ಫಾರಂ ತುಂಬಲು ಕೂತು, ಮೂರನೆಯ ಪ್ರಶ್ನೆಗೆ
ಪೆನ್ನು ಕೈಯಲ್ಲೇ ಮಲಗಿತು.
ಅದನ್ನೇ ಉತ್ತರವೆಂದು ಬರೆದುಕೊಂಡರೋ ಏನೋ.

ಎರ್ಲೆಂಡ್ ಏನೂ ಕೇಳುವುದಿಲ್ಲ.
ಮೆಟ್ಟಿಲು ತಿರುಗುವಲ್ಲಿ ಕುರ್ಚಿ ಇಟ್ಟಿದ್ದಾನೆ,
ಒಗೆದ ಬಟ್ಟೆ ಇಡಲು ಅನ್ನುತ್ತಾನೆ.
ಅದರ ಮೇಲೆ ಒಂದು ಬಟ್ಟೆಯೂ ಬಿದ್ದಿಲ್ಲ ಈವರೆಗೆ.

ನಿನ್ನೆ ತೋರ್ಫಿನ್ ಬಂದಿದ್ದ. ಎಂಟು ವರ್ಷ.
ಮೊಟ್ಟೆ ಮಾರಿ ಹನ್ನೊಂದು ಪೌಂಡು ಕೊಟ್ಟವನು.
ಲೆಕ್ಕ ಕೇಳಲು ಅವನೊಬ್ಬನಿಗೇ ಸಂಕೋಚವಿಲ್ಲ.
"ಕಾಯಿಲೆ ಏನಾಯ್ತು?"
ನಿಂತಿತು, ಅಂದೆ.
"ನೀನು?"
ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ.
ನಾನೂ ನಿಂತಿದ್ದೇನೆ, ಅಂದೆ.

ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದ.
"ನಮ್ಮದೊಂದು ಕೋಳೀನ ನಾಯಿ ಹಿಡಿದಿತ್ತು.
ಗರಿ ವಾಪಸು ಬಂತು. ಮೊಟ್ಟೆ ಇನ್ನೂ ಬಂದಿಲ್ಲ.
ಸುಮ್ಮನೆ ಬಿಡು ಅದನ್ನ ಅಂತಾಳೆ ಅಜ್ಜಿ."
ಹೇಳಿ ಹೊರಗಿನ ಮೆಟ್ಟಿಲ ಮೇಲೆ ಕೂತ,
ಒಂದು ಪಕ್ಕ ಜಾಗ ಬಿಟ್ಟು.
ಕೂತೆ.

ಕೆಳಗೆ ಐದರ ಹಡಗು ಬಂತು.
ಯಾರೋ ಹಗ್ಗ ಎಸೆದರು, ಯಾರೋ ಹಿಡಿದರು.
ಮಡಿಲಲ್ಲಿದ್ದ ನನ್ನ ಬಲಗೈ
ಒಮ್ಮೆ ಮುಚ್ಚಿ, ತೆರೆಯಿತು.