ಗೈರು

ಬುಲವಾಯೊದ ದೊಡ್ಡಾಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಸಂಬಳದ ಗುಮಾಸ್ತ,
ಹೆಸರು ಮ್ಝಿಂಗಾಯೆ.
ನನ್ನ ಕಿಟಕಿಯ ಕಂಡಿ ಸೊಂಟದೆತ್ತರಕ್ಕಿದೆ.
ಯಾರು ಹಾಗೆ ಕಟ್ಟಿದರೋ,
ಚೀಟಿ ಬೇಕಾದವರು ಬಾಗಲೇಬೇಕು.

ಮುಖಕ್ಕಿಂತ ನೆತ್ತಿಗಳೇ ನನಗೆ ಗುರುತು:
ಇದು ಸುಟ್ಟಗಾಯದ ವಾರ್ಡಿನ ಸಿಖಾಂಗೆಝಿಲೆ,
ಬೈತಲೆಯ ಬಲಕ್ಕೆ ಒಂದೇ ಒಂದು ಬಿಳಿ ಜಡೆ;
ಇದು ಶವಾಗಾರದ ಎನಾಕ್,
ತಲೆಗಿಂತ ಮೊದಲು ಫಾರ್ಮಲಿನ್ ವಾಸನೆ ಬಾಗುತ್ತದೆ;
ಇದು ಹಾಸಿಗೆಬಟ್ಟೆ ಒಗೆಯುವ ಮಾದುಬೆ,
ಬ್ಲೀಚು ತಿಂದ ಹೆಬ್ಬೆಟ್ಟಿನಲ್ಲಿ ಗೆರೆ ಉಳಿದಿಲ್ಲ,
ಒತ್ತಿದರೆ ಬರೀ ಶಾಯಿಯ ಬೊಟ್ಟು.

ಚೀಟಿಯ ಅಂಕಿ ಬದಲಾಗುವುದಿಲ್ಲ.
ಜನವರಿಯಲ್ಲಿ ಅದು ಒಂದು ಮೂಟೆ ಜೋಳದ ಹಿಟ್ಟು,
ಜೂನಿನಲ್ಲಿ ಅರ್ಧ ಮೂಟೆ,
ಈಗ, ಜಕರಂಡ ಉದುರಿ ರಸ್ತೆ ನೀಲಿಯಾದಾಗ,
ಮೂಟೆಯ ಬಾಯಿ ಕಟ್ಟುವ ದಾರ.
'ಅಪಾಯ ಭತ್ಯೆ' ಅಂತಲೂ ಒಂದು ಸಾಲಿದೆ,
ಕ್ಷಯದ ವಾರ್ಡಿನವರಿಗೆ.
ಎರಡು ಮೊಟ್ಟೆ ಬರುತ್ತವೆ,
ಅಂಗಡಿಯವನು ಒಳ್ಳೆಯವನಾದರೆ.

ಸಿಖಾಂಗೆಝಿಲೆ ಒಮ್ಮೆ ಕಂಡಿಯೊಳಗೆ ಕೇಳಿದಳು:
"ನಿಮಿಷಕ್ಕೆ ಇಷ್ಟು ಹನಿ ಅಂತ ಎಣಿಸಿ ಎಣಿಸಿ ರಕ್ತ ಬಿಡುತ್ತೇನೆ.
ಹನಿಗೂಡಿದರೆ ಹಳ್ಳವಂತೆ.
ನನ್ನ ಹಳ್ಳ ಯಾವ ಕಡೆ ಹರಿಯಿತು, ಮ್ಝಿಂಗಾಯೆ?"
ಕಂಡಿ ಮುಚ್ಚಿದೆ. ಊಟದ ಹೊತ್ತಾಗಿತ್ತು.
ಊಟ ಇರಲಿಲ್ಲ,
ಹೊತ್ತು ಇತ್ತು.

ಸೋಮವಾರ ಅವರೆಲ್ಲ ಗೇಟಿನಾಚೆ ಕೂತರು.
ಮಧ್ಯಾಹ್ನದೊಳಗೆ ಮೇಲಿನಿಂದ ಕಾಗದ ಬಂತು:
ಕೂತವರ ಹೆಸರಿನ ಮುಂದೆ
ಕೆಂಪು ಶಾಯಿಯಲ್ಲಿ 'ಗೈರು' ಬರೆಯತಕ್ಕದ್ದು,
ದಿನಕ್ಕೆ ಇಷ್ಟರಂತೆ ಕಡಿಯತಕ್ಕದ್ದು.
ಇಲ್ಲದ್ದರಲ್ಲಿ ಕಡಿಯುವ ಲೆಕ್ಕ
ಹತ್ತೊಂಬತ್ತು ವರ್ಷದಲ್ಲಿ ಕೈಗೆ ಕೂತಿದೆ.
ಆರು ದಿನ ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.

ಏಳನೆಯ ರಾತ್ರಿ ಕರೆಂಟು ಹೋಗಿತ್ತು.
ಮರೆತ ಬೀಗದ ಕೈಗೆಂದು ಬಂದವನು
ಸುಟ್ಟಗಾಯದ ವಾರ್ಡಿನಲ್ಲಿ ಫೋನಿನ ಬೆಳಕು ಕಂಡೆ.
ಮನೆಯ ಬಟ್ಟೆಯಲ್ಲಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು,
ಸೀಮೆಎಣ್ಣೆ ಸ್ಟೋವು ಸುಟ್ಟ ಒಂದು ಪುಟ್ಟ ತೋಳಿಗೆ
ನೀರು ಹನಿಸುತ್ತ, ಅಂಟಿದ ಪಟ್ಟಿಯನ್ನು
ಎಳೆ ಎಳೆಯಾಗಿ ಬಿಡಿಸುತ್ತ
ಕೂತಿತ್ತು ನನ್ನ ಪುಸ್ತಕದ ಮೂವತ್ತೊಂದನೆಯ ಗೈರು.

"ನೀನು ನೋಡಿಲ್ಲ," ಅಂದಳು, ತಲೆ ಎತ್ತದೆ.
"ಸರದಿ ಹಾಕಿಕೊಂಡಿದ್ದೇವೆ, ನಾಳೆ ಎನಾಕನ ಹೆಂಡತಿ.
ಗೊತ್ತಾದರೆ, ಕೆಲಸ ನಡೆಯುತ್ತಿದೆಯಲ್ಲ, ಸಂಬಳ ಯಾಕೆ ಅಂತಾರೆ.
ಗೊತ್ತಾಗದಿದ್ದರೆ, ಕಲ್ಲೆದೆಯವರು ಅಂತಾರೆ.
ಅನ್ನಲಿ. ಆ ಕತ್ತರಿ ಕೊಡು."
ಕೊಟ್ಟೆ.
ಸೊಂಟದೆತ್ತರದಲ್ಲಿ ಬಾಗಿದ್ದು ಈ ಸಲ ನಾನು.

ಬೆಳಿಗ್ಗೆ ಪುಸ್ತಕ ಬಿಚ್ಚಿದೆ, ಏಳನೆಯ ಮನೆ ಖಾಲಿ.
ಹಾಜರು ಅಂದರೆ ಅವಳನ್ನು ಹಿಡಿದುಕೊಟ್ಟಂತೆ,
ಗೈರು ಅಂದರೆ
ಮಗುವಿನ ತೋಳಿನ ಬಿಳಿ ಪಟ್ಟಿ ಸುಳ್ಳು.
ಪೆನ್ನು ಸೋರುತ್ತಿತ್ತು.
ಪುಟ ಮಗುಚಿ ನನ್ನ ಹೆಸರಿಗೆ ಬಂದೆ:
ಹಾಜರು, ಹಾಜರು, ಹಾಜರು,
ಸಕ್ಕರೆ ಇಲ್ಲದ ಕಡೆಗೆ ಹೊರಟ ಇರುವೆ ಸಾಲು.
ಅವಳ ಮನೆ ಖಾಲಿ ಬಿಟ್ಟು
ನನ್ನದರಲ್ಲಿ ಕೆಂಪಗೆ ಬರೆದೆ.

ಗೇಟಿನಾಚೆ ಎಲ್ಲರೂ ನನ್ನ ಕಡೆ ತಿರುಗಿದರು.
ಅಷ್ಟೊಂದು ಮುಖ! ಅರ್ಧಕ್ಕರ್ಧ ಗುರುತು ಹತ್ತಲಿಲ್ಲ.
ಮಾದುಬೆ ರಟ್ಟಿನ ಮೇಲೆ ಸರಿದು ಜಾಗ ಮಾಡಿದಳು,
ಸೆರಗಿನಂಥ ಶಾಲಿನಿಂದ ಒಂದು ಹಿಡಿ
ಹುರಿದ ಕಡಲೆಕಾಯಿ ತೆಗೆದಳು,
"ಮೊದಲು ಕೈ ತೊಳ್ಕೊ, ಕೆಂಪು ಮೆತ್ತಿದೆ."

ನಲ್ಲಿ ಇದ್ದದ್ದು ಗೇಟಿನೊಳಗೆ.
ಹಾಗೇ ತಿಂದೆ.