ಹನ್ನೊಂದು ಗ್ರಾಂ

ಚೇಳೂರು ರಸ್ತೆಯಲ್ಲಿ, ಟೈರಿನ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ
ಆರಡಿ ಅಗಲದ ಜಾಗ.
'ಬಯ್ಯಾಚಾರಿ, ತಕ್ಕಡಿ ರಿಪೇರಿ' ಎಂದಿತ್ತು ಬೋರ್ಡು.
ಗಿರಣಿಯ ಹಿಟ್ಟು ಕೂತು ಕೂತು
'ರಿಪೇರಿ' ಮಾತ್ರ ಕಾಣುತ್ತಿತ್ತು.
ಹಾಗಾಗಿ ಚಿಂತಾಮಣಿಯಲ್ಲಿ ಏನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು:
ಸ್ಟವ್ವು, ಕೊಡೆ, ಹೊಲಿಗೆ ಮಿಷನ್ನಿನ ಪೆಡಲು,
ಒಮ್ಮೆ ಯಾರದೋ ಹಾರ್ಮೋನಿಯಂ.
ಅಪ್ಪ ಆಗಲ್ಲ ಎನ್ನಲು ಕಲಿಯಲಿಲ್ಲ,
ದುಡ್ಡು ಕೇಳಲೂ.

ತೂಕದ ಕಲ್ಲುಗಳನ್ನು ಎಣಿಸುವಾಗ
ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ.
ಲಾಭ, ರೆಂಡು, ಮೂಡು...
ಮನೆಯ ತೆಲುಗಿನಲ್ಲಿ ಎಣಿಕೆ, ಅಂಗಡಿಯ ಕನ್ನಡದಲ್ಲಿ ಬೈಗುಳ.
ಬೇರೆ ಲಾಭದ ಮಾತು ಅವನ ಬಾಯಲ್ಲಿ ಕೇಳಿದ ನೆನಪಿಲ್ಲ.

ಪ್ರತಿ ಯುಗಾದಿಗೆ, ಎಣ್ಣೆನೀರಾದ ಮೇಲೆ,
ಮೂಟೆ ತೂಗುವ ಮಣೆಯ ಮೇಲೆ ನಮ್ಮನ್ನು ನಿಲ್ಲಿಸುತ್ತಿದ್ದ.
ಅಲುಗಬಾರದು, ನಗಬಾರದು.
ಕದದ ಹಿಂದೆ ಸೀಮೆಸುಣ್ಣದಲ್ಲಿ:
ಅಕ್ಕ ಇಪ್ಪತ್ತೊಂದು, ನಾನು ಹದಿನೇಳೂವರೆ,
ಸಣ್ಣವನು 'ಅಳ್ತಿದ್ದ, ಸರಿಯಾಗಿ ಗೊತ್ತಿಲ್ಲ'.
ಅಮ್ಮನನ್ನು ಕರೆದರೆ, ನಾನೇನು ಈರುಳ್ಳಿಯಾ, ಎಂದು
ಒಳಗೆ ಹೋಗುತ್ತಿದ್ದಳು.
ತಾನು ಮಾತ್ರ ಯಾವತ್ತೂ ನಿಲ್ಲಲಿಲ್ಲ.

ಬ್ಯಾಟರಿ ತಕ್ಕಡಿಗಳು ಬಂದವು. ಅಂಗಡಿಯಲ್ಲಿ ನೊಣ.
ಐವತ್ತು ದಾಟಿದ ಮನುಷ್ಯ, ಕನ್ನಡಕದ ಮೇಲೆ ಕನ್ನಡಕ ಹಾಕಿ,
ಮಗನ ವಯಸ್ಸಿನ ರೇಡಿಯೋ ಜಬೀವುಲ್ಲಾನ ಮುಂದೆ
ಮೂರು ತಿಂಗಳು ಸ್ಟೂಲಿನ ಮೇಲೆ ಕೂತು ಬೆಸುಗೆ ಕಲಿತ.
ಸುಟ್ಟ ಬೆರಳು ನೋಡಿ ಅಮ್ಮ ಕೇಳಿದರೆ
'ಬಿಸಿ ಮುದ್ದೆ' ಅಂದ.
'ಯಾರ ಮನೇಲಿ?' ಅಂದಳು ಅಮ್ಮ.

ಒಂದು ಹಟ ಮಾತ್ರ ನಮಗೆ ತಿಳಿಯುತ್ತಿರಲಿಲ್ಲ.
ಮನೆಯ ಪಕ್ಕದಲ್ಲೇ ಎರಡು ದಿನಸಿ ಅಂಗಡಿ.
ಬೇಳೆಗೆ ಮಾತ್ರ ಸೈಕಲ್ ತುಳಿದುಕೊಂಡು
ಬಸ್ ಸ್ಟ್ಯಾಂಡಿನಾಚೆ ನಾಗಭೂಷಣಂ ಹತ್ತಿರ.
ವಾರಕ್ಕೊಂದು ಕಿಲೋ.
'ಅವನ ಬೇಳೇಲಿ ಹುಳ. ತೂಕವೂ ಯಾಕೋ ಕಡಿಮೆ.'
'ಇರ್ಲಿ ಬಿಡೇ.'
ಎಂಟು ವರ್ಷ,
ನಾಗಭೂಷಣಂ ಬ್ಯಾಟರಿ ತಕ್ಕಡಿ ಕೊಂಡ ದಿನದ ತನಕ.
ಮಾರನೆಯ ವಾರದಿಂದ ಪಕ್ಕದಂಗಡಿ.

ಕೊನೆಗೆ ಕೋಲಾರದ ಆಸ್ಪತ್ರೆಯಲ್ಲಿ,
ಬಿಳಿ ಸೀರೆಯ ಅಕ್ಕ ತೋಳು ಹಿಡಿದು
ಅವನನ್ನು ತೂಕದ ಮಿಷನ್ನಿನ ಮೇಲೆ ಹತ್ತಿಸಿದಳು.
ನಲವತ್ತೆರಡು.
ಅಪ್ಪ ಬಗ್ಗಿ, ಬೆರಳಿನಿಂದ ಗಾಜು ತಟ್ಟಿ,
'ಮುನ್ನೂರು ಗ್ರಾಂ ಹೆಚ್ಚಿಗೆ ತೋರಿಸ್ತೈತಮ್ಮ' ಅಂದ.
ಅಕ್ಕ ಫೈಲಿಗೆ ಮುಖ ಮರೆಸಿಕೊಂಡಳು.

ತಿಂಗಳು ಕಳೆದು ಅಂಗಡಿ ಖಾಲಿ ಮಾಡುವಾಗ
ಅರಗಳ ಡಬ್ಬಿಯ ತಳದಲ್ಲಿ ಒಂದು ಬೆಂಕಿಪೊಟ್ಟಣ.
ಅದರೊಳಗೆ ಕ್ಯಾಲೆಂಡರಿನ ಹಾಳೆ. ಹಾಳೆಯೊಳಗೆ
ಕೊರೆದು ತೆಗೆದ ಸೀಸ, ಸುರುಳಿ ಸುರುಳಿ.
'ನಾಗಭೂಷಣಂ, ಒಂದು ಕೆಜಿ ಕಲ್ಲು, ನಾನೂರು ರೂಪಾಯಿ.'
ಜುಲೈ ಹದಿನಾಲ್ಕು.
ಅಕ್ಕನ ನರ್ಸಿಂಗ್ ಫೀಸಿನ ರಸೀತಿ ಟ್ರಂಕಿನಲ್ಲಿ ಈಗಲೂ ಇದೆ.
ಜುಲೈ ಹದಿನೈದು.

ಚಿನ್ನದ ತಕ್ಕಡಿಯಲ್ಲಿಟ್ಟು ನೋಡಿದೆ. ಹನ್ನೊಂದು ಗ್ರಾಂ.
ವಾರಕ್ಕೆ ಹನ್ನೊಂದರಂತೆ ಎಂಟು ವರ್ಷ, ನಮ್ಮ ಮನೆಯದ್ದು
ನಾಲ್ಕೂವರೆ ಕಿಲೋ ಚಿಲ್ಲರೆ.
ಊರಿನವರದ್ದು ಲೆಕ್ಕಕ್ಕೆ ಸಿಗುವುದಿಲ್ಲ.
ಸಿಗದ ಆ ಲೆಕ್ಕವನ್ನು ಸೈಕಲ್ಲಿನ ಮೇಲೆ ಕೂತು
ಅವನು ಎಷ್ಟು ಸಲ ಹಾಕಿದ್ದನೋ.
ಲಾಭ, ರೆಂಡು, ಮೂಡು...

ಇದನ್ನೂ ಬರೆದಿಟ್ಟೆ. ಬಿಟ್ಟರೆ ಅಪ್ಪ ಒಪ್ಪುವುದಿಲ್ಲ.
ಮುಳ್ಳು ವಾಲಿದ ತಕ್ಕಡಿಯನ್ನು,
ಆ ಒಂದು ಸಲ ಬಿಟ್ಟು,
ಯಾರ ಕೈಗೂ ಕೊಟ್ಟವನಲ್ಲ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು, ರಾತ್ರಿ ಪಾಳಿಯ ನಡುವೆ.
ಅಂಗಡೀಲಿ ಏನೇನು ಸಿಕ್ತೇ, ಅಂದಳು.
ಸುತ್ತಿಗೆ, ಅರ,
ಎರಡು ಕನ್ನಡಕ, ಅಂದೆ.